ಎರೆ ರಸ್ತೆಯ ಮೇಲಿನ ಜಾಡು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ನೆವಿಲ್ ಪೆಂಗಿಲಿ 'ರಸ್ತೆ ಮುಚ್ಚಿದೆ' ಎಂಬ ಫಲಕದ ಪಕ್ಕದಿಂದ ನುಸುಳಿ ಪಿಕಪ್ಪನ್ನು ಹಸಿ ಎರೆಮಣ್ಣಿನ ದಾರಿಗೆ ಇಳಿಸಿದ. ಶನಿವಾರ ಸಂಜೆ ಹಿಡಿದ ಮಳೆ ಬೆಳಗಿನ ಜಾವ ಬಿಟ್ಟಿತ್ತು. ಗರಾಬಿನ್ ಊರಿನ ಉತ್ತರಕ್ಕಿರುವ ಆ ಮಣ್ಣುದಾರಿಯಲ್ಲಿ ಮಳೆ ಬಿದ್ದಾಗ, ಗಾಡಿ ಓಡಿ ರಸ್ತೆ ಹಾಳಾಗದಿರಲೆಂದು, ಫಲಕ ತಿರುಗಿಸಿ ನಿಲ್ಲಿಸುವುದು ದಾರಿ ಪಕ್ಕದ ಮನೆಗಳವರ ಕೆಲಸ. ಅಂದು ಏಳು ಗಂಟೆಗೆ ಅದನ್ನು ತಿರುಗಿಸಿದವನೂ ನೆವಿಲ್ಲೇ.

ಪಿಕಪ್ ಇನ್ನೂ ಅವನದಾಗಿರಲಿಲ್ಲ. ಡಬ್ಬೋ ಊರಿನ ಮಾರಾಟಗಾರ ಹತ್ತು ದಿನ ಓಡಿಸಿ ನೋಡಿ ಎಂದು ಕೊಟ್ಟಿದ್ದ. ನೆವಿಲ್ ಗರಾಬಿನ್ನಿನ ಗೋಧಿ ಗೋದಾಮಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳುವವನು. ಮನೆಯಿಂದ ಗೋದಾಮಿಗೆ ದಿನವೂ ಹೋಗಿಬರಬೇಕು; ಅರ್ಧ ದಾರಿ ಮಣ್ಣು, ಅರ್ಧ ಡಾಂಬರು. ಹಳೆಯ ಕಾರು ಕೈಕೊಟ್ಟಿತ್ತು. ಹೊಸದು ಯಾವ ಕಂಪನಿಯದು, ಯಾವ ಬಣ್ಣದ್ದು ಎಲ್ಲ ಗೊತ್ತುಮಾಡಿ ಆಗಿತ್ತು. ಉಳಿದದ್ದು ಒಂದೇ: ಸಾದಾ ಮಾದರಿಯೋ, ಆಫ್-ರೋಡ್ ಪ್ಯಾಕೇಜಿನದೋ. ಪ್ಯಾಕೇಜಿನ ಗಾಡಿಯನ್ನು ಕಾರ್ಖಾನೆಯಲ್ಲೇ ನಾಲ್ಕು ಬೆರಳು ಎತ್ತರಿಸಿರುತ್ತಾರೆ, ಹೊಟ್ಟೆಯಡಿ ಉಕ್ಕಿನ ತಗಡು ಹೊದಿಸಿರುತ್ತಾರೆ, ಕೆಸರು ಕಚ್ಚುವ ಟಯರು ಹಾಕಿರುತ್ತಾರೆ. ಒಂದು ಗುಂಡಿ ಒತ್ತಿದರೆ ಹಿಂದಿನ ಎರಡು ಗಾಲಿಗಳೂ ಒಂದೇ ಲಯದಲ್ಲಿ ತಿರುಗಿ, ಯಾವುದೂ ಸುಮ್ಮನೆ ಸುತ್ತದೆ ಗಾಡಿಯನ್ನು ಮೇಲಕ್ಕೆಳೆಯುತ್ತವೆ.

ಗುರುವಾರ ಅದನ್ನು ಗೋದಾಮಿಗೆ ತಂದಾಗ, ಅಲ್ಲಿ ಲಾರಿ ಖಾಲಿ ಮಾಡಿಸುವ ಸ್ಪಡ್ ಎಂಬವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ದ.

"ಏನ್ ಗುರು, ಟಯರಿಗೆ ಹಲ್ಲು ಬಂದಿದೆ! ಕಚ್ಚುತ್ತಾ?"

"ಕೆಸರನ್ನ ಕಚ್ಚುತ್ತಂತೆ."

"ನೀನು ಕೆಸರು ನೋಡೋದು ಬೂಟಿನ ಮೇಲೆ ಮಾತ್ರ ಮಾರಾಯ. ಡಾಂಬರು ಕಂಡರೇ ಗೇರ್ ಹಾಕೋನು ನೀನು."

ಎಲ್ಲರೂ ನಕ್ಕರು, ನೆವಿಲ್ಲೂ ನಕ್ಕ. ಕರಾವಳಿಯಿಂದ ಬಂದು ಹನ್ನೊಂದು ವರ್ಷವಾಗಿದ್ದರೂ ಆ ಬಯಲಿನಲ್ಲಿ ಅವನು ಹೊಸಬನೇ.

ಹೆಂಡತಿ ಜಾಸ್ಲಿನ್ ಅವತ್ತೇ ರಾತ್ರಿ ಊಟದ ಹೊತ್ತಿಗೆ ತನ್ನ ಅಭಿಪ್ರಾಯ ಹೇಳಿದ್ದಳು. ಡಾಂಬರಿನ ಮೇಲೆ ಟಯರು ಜೇನುಗೂಡಿನಂತೆ ಗುಂಯ್‌ಗುಡುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಹತ್ತುವಾಗ ತನ್ನ ಮಂಡಿ ಹಿಡಿದುಕೊಳ್ಳುತ್ತದೆ. ಆದರೆ ಅವಳ ಮುಖ್ಯ ತಕರಾರು ಬೇರೆ.

"ಇದೆಲ್ಲ ಬೇಕಾಗೋದು ಯಾವತ್ತು?"

"ಮಳೆ ಬಂದಾಗ."

"ಮಳೆ ಬಂದಾಗ ಈ ರಸ್ತೇಲಿ ಯಾರು ಹೋಗ್ತಾರೆ?"

"ಯಾರೂ ಹೋಗಲ್ಲ."

"ಮತ್ತೆ?"

ಆ 'ಮತ್ತೆ' ಅವನನ್ನು ಕೆರೆಯುತ್ತಿತ್ತು. ಭಾನುವಾರ ಬೆಳಿಗ್ಗೆ ಜಾಸ್ಲಿನ್ ಇನ್ನೂ ಮಲಗಿದ್ದಾಗ ಬೀಗದಕೈ ತೆಗೆದುಕೊಂಡು ಹೊರಟಿದ್ದು ಅದರಿಂದಲೇ.

ಪಿಕಪ್ ಎಲ್ಲೂ ಜಾರಲಿಲ್ಲ. ನೆರೆಯ ಹ್ಯಾಡ್ರಿಕ್ ಅವರ ಜಮೀನಿನ ಹತ್ತಿರ ರಸ್ತೆ ಒಂದು ತಗ್ಗಿಗೆ ಇಳಿಯುತ್ತದೆ. ಅಲ್ಲಿ ಗಾಲಿಗಳು ಅಚ್ಚಿನವರೆಗೆ ಹೂತವು. ನೆವಿಲ್ ಗುಂಡಿ ಒತ್ತಿದ. ಗಾಡಿ ಕೆಸರನ್ನು ಎರಡೂ ಕಡೆ ಸೀಳಿ ಎಸೆಯುತ್ತ, ಉಳುವ ಎತ್ತಿನಂತೆ ಒಂದೇ ಹದದಲ್ಲಿ ಮೇಲೆ ಬಂತು. ಅವನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕ. ಊರಿನಲ್ಲಿ ಒಂದು ಪತ್ರಿಕೆ, ಎರಡು ಮಾಂಸದ ಪೈ ಕೊಂಡು, ಬಂದ ಜಾಡಿನಲ್ಲೇ ವಾಪಸಾದ. ತಗ್ಗಿನಲ್ಲಿ ಜಾಡು ಇನ್ನಷ್ಟು ಆಳವಾಯಿತು.

ಜಾಸ್ಲಿನ್ ಅಂಗಳದಲ್ಲಿ ನಿಂತಿದ್ದಳು.

"ಒಂದು ಸಲಾನೂ ಜಾರಲಿಲ್ಲ ಕಣೇ. ರೈಲು ಹೋದಂಗೆ ಹೋಯ್ತು."

"ಗಾಡಿಗೇನೂ ಆಗಿಲ್ಲ, ಕಾಣ್ತಿದೆ. ರಸ್ತೆಗೆ?"

ನೆವಿಲ್ ಪೈಗಳ ಪೊಟ್ಟಣವನ್ನು ಅವಳ ಕೈಗಿಟ್ಟು, ನೀರಿನ ಕೊಳವೆ ಹಿಡಿದುಕೊಂಡು ಪಿಕಪ್ ತೊಳೆಯಲು ಹೋದ. ಗಾಲಿಯ ಮೇಲ್ಗಡೆ ಮೆತ್ತಿಕೊಂಡಿದ್ದ ಮಣ್ಣನ್ನು ಕಡ್ಡಿ ಹಾಕಿ ಕೆದಕಿ ತೆಗೆದ. ಅದು ಬೇರೆಯವರ ಗಾಡಿ, ಶುಚಿಯಾಗಿಡಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ತೊಳೆದ ಮೇಲೆ ಅಂಗಳದಲ್ಲಿ ಉಳಿದ ಕೆಸರನ್ನೂ ಸಲಿಕೆಯಿಂದ ಬೇಲಿಯಾಚೆ ಎಸೆದ. ಅದಕ್ಕೆ ಕಾರಣ ಹೇಳಿಕೊಳ್ಳಲಿಲ್ಲ.

ಆ ಸಂಜೆ ತಗ್ಗಿನ ಪಕ್ಕದ ಜಮೀನಿನ ಯಜಮಾನ ಕ್ಲೆಮ್ ಹ್ಯಾಡ್ರಿಕ್ ಡಬ್ಬೋ ಆಸ್ಪತ್ರೆಯಲ್ಲಿ ತೀರಿಕೊಂಡ. ಬಹಳ ದಿನದ ಕಾಯಿಲೆ. ಹೆಂಡತಿ ಕಾಲೀನ್ ಪಕ್ಕದಲ್ಲಿದ್ದಳು. ಶುಕ್ರವಾರ ಗರಾಬಿನ್ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಮನೆಯ ಹಿಂದಿನ ಕುಟುಂಬದ ಸಮಾಧಿ ಸ್ಥಳದಲ್ಲಿ ಮಣ್ಣು ಎಂದು ಗೊತ್ತಾಯಿತು.

ಸೋಮವಾರದಿಂದ ಬಿಸಿಲು ಬಿತ್ತು. ಎರೆಮಣ್ಣು ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಇಟ್ಟಿಗೆ. ಮಂಗಳವಾರ ಫಲಕ ತಿರುಗಿಸಿ ರಸ್ತೆ ತೆರೆದಾಗ, ತಗ್ಗಿನಲ್ಲಿ ಮೊಣಕಾಲಾಳದ ಎರಡು ಜಾಡು ಹಾಗೇ ಗಟ್ಟಿಯಾಗಿದ್ದವು, ನಡುವೆ ಒಂದು ದಿಬ್ಬ. ಜನ ಕಾರಿನ ಒಂದು ಗಾಲಿಯನ್ನು ದಿಬ್ಬದ ಮೇಲೆ, ಇನ್ನೊಂದನ್ನು ರಸ್ತೆಯಂಚಿನ ಮೇಲೆ ಇಟ್ಟು, ಬೈದುಕೊಳ್ಳುತ್ತ ದಾಟಿದರು. ಜಾಸ್ಲಿನ್ನಳ ಸಣ್ಣ ಕಾರು ದಾಟಲಾರದೆ ಹಿಂದಿರುಗಿತು. ರಸ್ತೆ ಮಟ್ಟ ಮಾಡುವ ಗ್ರೇಡರ್ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿತ್ತು.

ಬುಧವಾರ ಗೋದಾಮಿನಲ್ಲಿ ಚಹಾ ಹೊತ್ತಿಗೆ ಅದೇ ಮಾತು.

"ಹಂದಿ ಬೇಟೆಯವರು," ಎಂದ ಸ್ಪಡ್. "ಕುಡಿದು ಬಂದಿರ್ತಾರೆ. ನೆವ್ ಪಾಪ ಬೆಳಿಗ್ಗೇನೇ ಎದ್ದು ಫಲಕ ತಿರುಗಿಸಿಟ್ಟಿದ್ದಾನೆ, ಅದಕ್ಕೂ ಮರ್ಯಾದೆ ಇಲ್ಲ. ಅಲ್ವೇನೋ?"

ನೆವಿಲ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. "ಹೌದು, ಅವರೇ ಇರ್ಬೇಕು," ಎಂದ.

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅದುವರೆಗೆ ಅವನು ಮಾಡಿದ್ದು ಒಂದು ತಪ್ಪು, ಈಗ ಎರಡಾಯಿತು. ಎರಡನೆಯದು ಮೊದಲನೆಯದಕ್ಕಿಂತ ಕೀಳು ಎಂಬುದು ಅವನಿಗೆ ಆ ಕ್ಷಣವೇ ತಿಳಿಯಿತು. ಆದರೂ ಲೋಟ ತೊಳೆದಿಟ್ಟು ಕೆಲಸಕ್ಕೆ ಹೋದ.

ಮನೆಯಲ್ಲಿ ಜಾಸ್ಲಿನ್ ಬಿಡಲಿಲ್ಲ.

"ಕಾಲೀನ್‌ಗೆ ಹೇಳು."

"ಸಾವಾದ ಮನೇಲಿ ರಸ್ತೆ ಮಾತಾಡ್ಲಾ?"

"ಬರ್ನಾರ್ಡ್‌ಗಾದ್ರೂ ಹೇಳು."

ಬರ್ನಾರ್ಡ್ ಎಂದರೆ ಕ್ಲೆಮ್‌ನ ಅಣ್ಣ.

"ಶುಕ್ರವಾರ ಕಳೀಲಿ, ಹೇಳ್ತೀನಿ."

"ನಿನ್ನ ಜೊತೆ ಇಪ್ಪತ್ತೆಂಟು ವರ್ಷ ಇದ್ದೀನಿ ನೆವ್. ನೀನು 'ಕಳೀಲಿ' ಅಂದಿದ್ದು ಯಾವುದೂ ಕಳೆದಿಲ್ಲ."

ಶುಕ್ರವಾರ ಚರ್ಚಿನ ಪ್ರಾರ್ಥನೆ ಮುಗಿದು ಮೆರವಣಿಗೆ ಹೊರಟಿತು. ಹೊಳೆ ಕಡೆಯ ಸುತ್ತುದಾರಿ ತೀರ ಉದ್ದವೆಂದು ಮಣ್ಣುದಾರಿಯನ್ನೇ ಹಿಡಿದರು. ಮುಂದೆ ಶವವಾಹನ; ಹಿಂದೆ ಕಾಲೀನ್‌ಳನ್ನು ಕೂರಿಸಿಕೊಂಡ ಬರ್ನಾರ್ಡ್‌ನ ಕಾರು; ಅದರ ಹಿಂದೆ ಕ್ಲೆಮ್‌ನ ಮಗ ಡಾರ್ಸಿ, ಬೇಟೆನಾಯಿಗಳ ಪಂಜರ ಬೆಸೆದ ತನ್ನ ಹಳೆಯ ಪಿಕಪ್ಪಿನಲ್ಲಿ; ಆಮೇಲೆ ಉಳಿದವರು. ನೆವಿಲ್ ಮತ್ತು ಜಾಸ್ಲಿನ್ ಬೇರೆ ಗಾಡಿಯಿಲ್ಲದೆ ಹೊಸ ಪಿಕಪ್ಪಿನಲ್ಲೇ ಬಂದಿದ್ದರು. ನೆವಿಲ್ ಎಲ್ಲರಿಗಿಂತ ಹಿಂದೆ ಉಳಿದ.

ಶವವಾಹನ ಉದ್ದನೆಯದು, ನೆಲಕ್ಕೆ ಹತ್ತಿರ. ತಗ್ಗಿನಲ್ಲಿ ಚಾಲಕ ಅಂಚು ಹಿಡಿಯಲು ನೋಡಿದ; ಗಾಲಿ ಜಾರಿ ಜಾಡಿಗೆ ಬಿತ್ತು. ಗಾಡಿಯ ಹೊಟ್ಟೆ ದಿಬ್ಬದ ಮೇಲೆ ಕೂತ ಸದ್ದು ಕೊನೆಯ ಕಾರಿನವರೆಗೂ ಕೇಳಿಸಿತು. ಚಾಲಕ ಇಳಿದು, ಕರಿಕೋಟಿನಲ್ಲೇ ಮೊಣಕಾಲೂರಿ ಕೆಳಗೆ ಬಗ್ಗಿ ನೋಡಿದ. ಎಣ್ಣೆ ಸೋರುತ್ತಿದೆ, ಇನ್ನು ಇದು ಚಲಿಸುವುದಿಲ್ಲ ಎಂದ.

ಜನ ಇಳಿದು ಬಂದರು. ಬರ್ನಾರ್ಡ್ ಟೋಪಿ ಕೈಯಲ್ಲಿ ಹಿಡಿದು ಜಾಡನ್ನು ನೋಡುತ್ತ ನಿಂತಿದ್ದ.

"ಡಾರ್ಸಿ, ಬಾ ಇಲ್ಲಿ. ನೋಡು ನಿನ್ನ ಕೆಲಸ."

"ನನ್ನ ಕೆಲಸ ಅಲ್ಲ ದೊಡ್ಡಪ್ಪ."

"ಭಾನುವಾರ ರಾತ್ರಿ ಆಸ್ಪತ್ರೆಯಿಂದ ಮನೆಗೆ ಬಂದೆ ತಾನೇ? ಹಾರ್ಕೊಂಡು ಬಂದ್ಯಾ?"

"ಹೊಳೆ ಕಡೆ ಜಲ್ಲಿ ರಸ್ತೇಲಿ ಸುತ್ತಾಕ್ಕೊಂಡು ಬಂದೆ. ಹಸಿ ರಸ್ತೆ ತುಳೀಬಾರ್ದು ಅಂತ ಅಪ್ಪ ಹೇಳಿಕೊಟ್ಟಿದ್ದು ನಂಗೊಬ್ಬನಿಗೇನಾ? ನನ್ನ ಟಯರು ನೋಡು ಬೇಕಾದ್ರೆ, ಬೋಳಾಗಿದೆ."

ಬರ್ನಾರ್ಡ್ ಟಯರು ನೋಡಲಿಲ್ಲ. "ಹಂದಿ ಹಿಂದೆ ಓಡೋನಿಗೆ ಯಾವ ರಸ್ತೆ ಆದ್ರೇನು. ಅಪ್ಪ ಕೊನೇ ಸಲ ಮನೆಗೆ ಬರೋದಕ್ಕೂ ಬಿಡ್ಲಿಲ್ಲವಲ್ಲೋ ನೀನು."

"ಅಮ್ಮ, ನೀನಾದ್ರೂ ಹೇಳು."

"ನಾನು ಆಸ್ಪತ್ರೆಲಿದ್ದೆ ಮಗಾ," ಎಂದಳು ಕಾಲೀನ್. ಅವಳು ನೆಲ ನೋಡುತ್ತಿದ್ದಳು. ನಂಬಿದ್ದೇನೆ ಎಂದೂ ಹೇಳಲಿಲ್ಲ, ನಂಬುವುದಿಲ್ಲ ಎಂದೂ ಹೇಳಲಿಲ್ಲ. ಡಾರ್ಸಿಯ ಮುಖ ಇದ್ದಕ್ಕಿದ್ದಂತೆ ಇಳಿದುಹೋಯಿತು.

"ಪೆಟ್ಟಿಗೆ ಮುಟ್ಬೇಡ ನೀನು," ಎಂದ ಬರ್ನಾರ್ಡ್. "ನಾವು ಹೊರ್ತೀವಿ."

ಜಾಸ್ಲಿನ್ ನೆವಿಲ್ ಕಡೆಗೆ ತಿರುಗಲಿಲ್ಲ. ತಿರುಗಿದ್ದರೆ ಅವನು ಅವಳ ಮೇಲೆ ಸಿಟ್ಟಾಗಬಹುದಿತ್ತು. ಆ ಆಸರೆಯೂ ಸಿಗಲಿಲ್ಲ. ಅವನು ಇಬ್ಬರು ಮೂವರನ್ನು ದಾಟಿ ಮುಂದೆ ಬಂದ.

"ಬರ್ನಾರ್ಡ್, ಅವನಲ್ಲ. ನಾನು."

"ಏನು ನೀನು?"

"ಭಾನುವಾರ ಬೆಳಿಗ್ಗೆ ಬಂದಿದ್ದು ನಾನು. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ."

ಕಾಲೀನ್ ತಲೆಯೆತ್ತಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೊಂದು ದಾರಿ ಬಿಟ್ಟುಕೊಡುವಂತೆ ಕೇಳಿದಳು.

"ಯಾರಿಗಾದ್ರೂ ಹುಷಾರಿರಲಿಲ್ವಾ ನೆವಿಲ್? ಜಾಸ್ಲಿನ್‌ಗೆ?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಅದನ್ನು ಒಪ್ಪಿಕೊಳ್ಳಲು ಸಿದ್ಧರಿದ್ದರು.

"ಇಲ್ಲ ಕಾಲೀನ್. ಎಲ್ಲರೂ ಚೆನ್ನಾಗೇ ಇದ್ವಿ."

"ಮತ್ತೆ?"

"ಪತ್ರಿಕೆ ತರೋಕೆ. ಗಾಡಿ ಹೋಗುತ್ತಾ ಇಲ್ವಾ ಅಂತ ನೋಡೋಕೆ."

ಕಾಲೀನ್ ಹೋಗಿ ಡಾರ್ಸಿಯ ತೋಳು ಹಿಡಿದುಕೊಂಡಳು. ಬರ್ನಾರ್ಡ್ ಟೋಪಿಯನ್ನು ತಲೆಗಿಟ್ಟು, ಮತ್ತೆ ತೆಗೆದ. ಸ್ಪಡ್ ದೂರದ ಗೋಧಿಹೊಲ ನೋಡುತ್ತ ನಿಂತ. ಅವನು ಒಂದು ಕುಚೋದ್ಯದ ಮಾತಾಡಿದ್ದರೂ ನೆವಿಲ್‌ಗೆ ಹಗುರವಾಗುತ್ತಿತ್ತು.

ಕೊನೆಗೆ ಬಾಯಿ ಬಿಟ್ಟವನು ಶವವಾಹನದ ಚಾಲಕ. ಮನೆ ಇನ್ನೂ ಎರಡು ಕಿಲೋಮೀಟರ್ ಇದೆ, ಬಿಸಿಲು ಏರುತ್ತಿದೆ, ಹೊತ್ತುಕೊಂಡು ಹೋಗಲಾಗುವುದಿಲ್ಲ ಎಂದ. ಪೆಟ್ಟಿಗೆ ಹಿಡಿಸುವಂಥ ಗಾಡಿ ಯಾವುದಿದೆ ಎಂದು ಕಣ್ಣಾಡಿಸಿದ. ಡಾರ್ಸಿಯ ಗಾಡಿಯಲ್ಲಿ ನಾಯಿಪಂಜರ. ಉಳಿದವು ಕಾರುಗಳು. ಸಾಲಿನ ಕೊನೆಯಲ್ಲಿ, ತೊಳೆದು ಒರೆಸಿ ಫಳಫಳಿಸುತ್ತಿದ್ದ ಪಿಕಪ್ ಒಂದೇ ಇತ್ತು.

ಎಲ್ಲರ ದೃಷ್ಟಿಯೂ ಅಲ್ಲಿಗೆ ಹೋಯಿತು. ನೆವಿಲ್‌ಗೆ ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡದಾಗಿ, ಎತ್ತರವಾಗಿ ಕಾಣುವ ವಸ್ತು ಇಡೀ ಬಯಲಿನಲ್ಲಿ ಇರಲಿಲ್ಲ.

ಡಾರ್ಸಿ ಬಂದು ಎದುರು ನಿಂತು ಕೈ ಚಾಚಿದ.

"ಬೀಗದಕೈ."

"ನಾನೇ ಓಡಿಸ್ತೀನಿ ಡಾರ್ಸಿ, ಹುಷಾರಾಗಿ—"

"ಬೀಗದಕೈ ಕೊಡಿ ಅಂದೆ, ಮಿಸ್ಟರ್ ಪೆಂಗಿಲಿ."

ಹನ್ನೊಂದು ವರ್ಷದಲ್ಲಿ ಆ ಹುಡುಗ ಅವನನ್ನು ನೆವ್ ಎಂದಲ್ಲದೆ ಕರೆದಿರಲಿಲ್ಲ. ನೆವಿಲ್ ಕೊಟ್ಟ.

ಡಾರ್ಸಿ ಪಿಕಪ್ಪನ್ನು ಹಿಂದುಮುಂದಾಗಿ ತಂದು ನಿಲ್ಲಿಸಿದ. ಆರು ಜನ ಪೆಟ್ಟಿಗೆಯನ್ನು ಎತ್ತಿ ಸರಿಸಿದರು. ಅವರಲ್ಲಿ ಬರ್ನಾರ್ಡ್ ಒಂದು ಕಡೆ, ಡಾರ್ಸಿ ಇನ್ನೊಂದು ಕಡೆ. ಪೆಟ್ಟಿಗೆ ಪೂರ್ತಿ ಒಳಗೆ ಹಿಡಿಯಲಿಲ್ಲ, ಹಿಂಬಾಗಿಲು ತೆರೆದೇ ಪಟ್ಟಿ ಬಿಗಿದರು. ನೆವಿಲ್‌ನನ್ನು ಯಾರೂ ಕರೆಯಲಿಲ್ಲ. ಡಾರ್ಸಿ ಜಾಡನ್ನು ಅಡ್ಡ ದಾಟಿ, ನಡೆಯುವವರ ವೇಗದಲ್ಲಿ ಮೇಲೇರಿದ. ಒಳಗೆ ಏನೂ ಅಲುಗಲಿಲ್ಲ.

"ಒಳ್ಳೇ ಗಾಡಿ," ಎಂದು ಚಾಲಕ ತನ್ನಷ್ಟಕ್ಕೆ ಹೇಳಿಕೊಂಡ. ಅವನು ಹೊರಗಿನವನು.

ನೆವಿಲ್ ಜನರ ಹಿಂದೆ ನಡೆದುಕೊಂಡು ಹೋದ. ಮಣ್ಣು ಕೊಡುವ ಕೆಲಸ ಮುಗಿದ ಮೇಲೆ ಕಾಲೀನ್‌ಳ ವರಾಂಡದಲ್ಲಿ ಚಹಾ, ಸ್ಯಾಂಡ್‌ವಿಚ್ ಇಟ್ಟಿದ್ದರು. ಯಾರೂ ಬೈಯಲಿಲ್ಲ. ಸಕ್ಕರೆ ಬೇಕೇ ಎಂದು ಕೇಳಿದರು. ಬರ್ನಾರ್ಡ್ ಡಾರ್ಸಿಗೆ ಕ್ಷಮಿಸು ಎಂದದ್ದನ್ನು ಯಾರೂ ಕೇಳಲಿಲ್ಲ. ಆದರೆ ತಟ್ಟೆ ತುಂಬಿಸಿ ಅವನ ಮುಂದಿಟ್ಟು ಪಕ್ಕದಲ್ಲೇ ಕೂತ. ಸ್ಪಡ್ ಮಾತ್ರ ಹೊರಡುವಾಗ ನೆವಿಲ್ ಹತ್ತಿರ ನಿಂತ.

"ಫಲಕ ತಿರುಗಿಸಿದ್ದು ನಿಜವಾಗ್ಲೂ ನೀನೇನಾ?"

"ನಾನೇ."

ಸ್ಪಡ್ ತಲೆಯಾಡಿಸಿ ಮೆಟ್ಟಿಲಿಳಿದ.

ಶನಿವಾರ ನೆವಿಲ್ ಪಿಕಪ್ಪನ್ನು ಡಬ್ಬೋಗೆ ಒಯ್ದು ಒಪ್ಪಿಸಿದ. ಮಾರಾಟಗಾರ ಸುತ್ತಲೂ ನೋಡಿ, ಒಂದು ಗೀರೂ ಇಲ್ಲದ್ದಕ್ಕೆ ಮೆಚ್ಚಿದ.

"ಹೇಗಿತ್ತು ಸಾರ್? ಎಲ್ಲಾದ್ರೂ ಸಿಕ್ಕಾಕ್ಕೊಳ್ತಾ?"

"ಎಲ್ಲೂ ಇಲ್ಲ. ಎಲ್ಲಿ ಬೇಕಾದ್ರೂ ಹೋಗುತ್ತೆ."

"ಹಾಗಾದ್ರೆ ಇದನ್ನೇ ಬರೀಲಾ?"

"ಬೇಡ. ಸಾದಾದು ಸಾಕು."

ಬೆಲೆಯ ತೊಂದರೆಯಿರಬೇಕೆಂದು ಮಾರಾಟಗಾರ ರಿಯಾಯಿತಿಯ ಮಾತು ತೆಗೆದ. ನೆವಿಲ್ ಸಾದಾ ಮಾದರಿಗೆ ಸಹಿ ಹಾಕಿ, ಬಸ್ಸಿನಲ್ಲಿ ಗರಾಬಿನ್‌ಗೆ ಬಂದ. ಸೋಮವಾರ ರಸ್ತೆ ನೋಡಿಕೊಳ್ಳುವ ಕೌನ್ಸಿಲ್ ಕಚೇರಿಗೆ ಫೋನ್ ಮಾಡಿ, ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದವನು ತಾನು ಎಂದು ಹೆಸರು ಬರೆಸಿದ.

ಗ್ರೇಡರ್ ಗುರುವಾರ ಬಂತು. ಅಷ್ಟರೊಳಗೆ ಕಾಲೀನ್‌ಳ ಕಾರು ಆ ತಗ್ಗಿನಲ್ಲಿ ಎರಡು ಸಲ ಹೊಟ್ಟೆ ತಗುಲಿಸಿಕೊಂಡಿತ್ತು.