ಆಲ್ಗೊಟ್ ಬಿಟ್ಟ ಕೆಲಸ

ಆಲ್ಗೊಟ್ ಅಜ್ಜನ ಶವಪೆಟ್ಟಿಗೆಯ ಮೇಲೆ ಬಿಳಿ ಗುಲಾಬಿ ಇಟ್ಟು ಇಂದುಮತಿ ತಿರುಗಿದಳು. ಸ್ವೀಡನ್ನಿನ ಸೋಲ್ನಾದ ಆ ಸಣ್ಣ ಚರ್ಚಿನಲ್ಲಿ ಎಂಟು ಜನ ಮುದುಕರು ಬೆರಳಾಡಿಸುತ್ತ ಹರಟುತ್ತಿದ್ದರು; ಸದ್ದು ಮಾತ್ರ ಇರಲಿಲ್ಲ.

"ಯಾರ್ರೀ ಇವ್ರೆಲ್ಲ?" ಗಂಡ ವಿಠ್ಠಲನ ಪಕ್ಕ ಕೂರುತ್ತ ಕೇಳಿದಳು.

"ಅಜ್ಜನ ಸ್ಟೂಡೆಂಟ್ಸ್ ಇರ್ಬೇಕು. ಕಿವುಡು ಮಕ್ಕಳ ಸ್ಕೂಲಲ್ಲಿ ಮರಗೆಲಸ ಹೇಳ್ಕೊಡ್ತಿದ್ರಂತಲ್ಲ."

"ಅದಕ್ಕೂ ಮುಂಚೆ ಡೈರೆಕ್ಟರ್ ಆಗಿದ್ರು, ಗೊತ್ತಾ?"

"ಯಾವ ಕಂಪ್ನಿಗೆ?"

"ಅಯ್ಯೋ, ಸಿನಿಮಾ ಡೈರೆಕ್ಟರ್ ರೀ! ಮೂಕಿ ಕಾಲದ ಕಾಮಿಡಿ."

ಆ ಒಂದೆರಡು ಇಂಗ್ಲಿಷ್ ಪದ ಕಿವಿಗೆ ಬಿದ್ದು, ಮುಂದೆ ಕೂತಿದ್ದ ಅಜ್ಜನ ಎಪ್ಪತ್ತರ ಮಗಳು ಬಿರ್ಗಿಟ್ಟಾ ಹೊರಳಿ ನೋಡಿದಳು. "ಸಿನಿಮಾ ಯಾಕೆ ಬಿಟ್ರು ಅಂತ ನಿಮಗೇನಾದ್ರೂ ಹೇಳಿದ್ರಾ? ನಾನು ಕೇಳಿದ್ರೆ ಎದ್ದು ಹೋಗ್ತಿದ್ರು," ಎಂದಳು ಇಂಗ್ಲಿಷಿನಲ್ಲಿ.

*

ಎದುರು ಫ್ಲಾಟಿನ ಆಲ್ಗೊಟ್‌ಗೆ ತೊಂಬತ್ತೊಂಬತ್ತು. ಹೋದ ಚಳಿಗಾಲ, ೨೦೦೩ರಲ್ಲಿ, ಇಂದುಮತಿ ತಿಳಿಸಾರು ಕೊಡಲು ಹೋದಾಗ ತಾವಾಗಿಯೇ ಹೇಳಿದ್ದರು. ಸ್ಟುಡಿಯೋದಲ್ಲಿ ಸೆಟ್ ಕಟ್ಟುವ ಬಡಗಿಯಾಗಿ ಸೇರಿ, ಇಪ್ಪತ್ತೆರಡನೇ ವಯಸ್ಸಿಗೆ ನಿರ್ದೇಶಕರಾದವರು. ಆರು ಮೂಕಿ ನಗೆಚಿತ್ರ. ಪ್ರತಿಯೊಂದನ್ನೂ ಮೊದಲು ನೋಡುತ್ತಿದ್ದವಳು ಹುಟ್ಟುಕಿವುಡಿ ತಂಗಿ ಮೆರ್ತಾ. ಅವಳು ನಗದ ದೃಶ್ಯಕ್ಕೆ ಕತ್ತರಿ.

ಆಮೇಲೆ ಮಾತಿನ ಚಿತ್ರ ಬಂತು.

"ಏಳನೇದು ಮಾತಿನದು. ಮೆರ್ತಾನ್ನ ಕರ್ಕೊಂಡು ಹೋದೆ. ಜನ ನಕ್ಕಾಗಲೆಲ್ಲ ಅವಳು ಅವರ ಮುಖ ನೋಡಿ, ಸ್ವಲ್ಪ ತಡವಾಗಿ ನಗ್ತಿದ್ಲು. ಮಾರನೇ ದಿನ ಕೆಲಸ ಬಿಟ್ಟೆ."

"ಮಗಳಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೆರ್ತಾಗೂ ಗೊತ್ತಾಗ್ತಿತ್ತು. ಅವಳು ಹೋದ ಮೇಲೆ, ಹೇಳದೇ ಇರೋದೇ ಅಭ್ಯಾಸ ಆಗಿಹೋಗಿತ್ತು."

*

ಇಂದುಮತಿ ಪಿಸುದನಿಯಲ್ಲಿ ಹೇಳಿ ಮುಗಿಸಿದಾಗ ಬಿರ್ಗಿಟ್ಟಾ ಕನ್ನಡಕ ತೆಗೆದಳು.

"ಮೆರ್ತಾ ಅತ್ತೆ ಸಾಯೋವರೆಗೂ ನಮ್ಮನೇಲೇ ಇದ್ರು. ಅಪ್ಪ ಸೋತು ಕೆಲಸ ಬಿಟ್ರು ಅಂತಾನೇ ನಾವಿಬ್ರೂ ಅಂದ್ಕೊಂಡಿದ್ವಿ."

ಅಷ್ಟರಲ್ಲಿ ಎಂಟು ಜನರಲ್ಲಿ ಹಿರಿಯ ಮುದುಕ ಎದ್ದು ಶವಪೆಟ್ಟಿಗೆಗೆ ತಲೆಬಾಗಿದ. ಟೋಪಿ ಜಾರಿ ಬಿತ್ತು. ಎತ್ತಿಕೊಳ್ಳಲು ಬಾಗಿದರೆ ಅವನ ಕಾಲೇ ತಾಗಿ ಟೋಪಿ ಮುಂದೆ ಹೋಯಿತು. ಇನ್ನೊಂದು ಹೆಜ್ಜೆ, ಇನ್ನೊಂದು ಒದೆ. ಗಂಭೀರ ಮುಖದಲ್ಲೇ ಪೆಟ್ಟಿಗೆಯನ್ನು ಒಂದು ಸುತ್ತು ಬಂದ. ತರಗತಿಯಲ್ಲಿ ಮೇಷ್ಟ್ರು ಮಾಡಿ ತೋರಿಸಿದ್ದೇ ಇರಬೇಕು. ಉಳಿದ ಏಳು ಜನ ಕೈಗಳನ್ನು ಮೇಲೆತ್ತಿ ಅಂಗೈ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ.

ಪಾದ್ರಿ ಪುಸ್ತಕ ಹಿಡಿದು ಕಾಯುತ್ತಿದ್ದರು. ಬಿರ್ಗಿಟ್ಟಾ ಕೆನ್ನೆ ಒರೆಸಿಕೊಳ್ಳದೆ, ಎರಡೂ ಕೈ ಮೇಲೆತ್ತಿದಳು.