ಕೀಪರ್ ಕೈಯಿಂದ ಸಿಡಿದ ಚೆಂಡು

ಹೆಂಡತಿ ತೀರಿಕೊಂಡ ಹದಿನೇಳನೇ ದಿನ ಲೇತ್ ಮೇಷ್ಟ್ರು ಮತ್ತೆ ಬಾವುಟ ಹಿಡಿದು ಮೈದಾನಕ್ಕೆ ಬಂದರು. ವಾರವೆಲ್ಲ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವುದು, ಭಾನುವಾರ ಫುಟ್‌ಬಾಲ್ ಲೀಗಿನಲ್ಲಿ ಲೈನ್‌ಮನ್ ಆಗುವುದು, ಇಪ್ಪತ್ತೆರಡು ವರ್ಷದಿಂದ ಇದೇ ಅವರ ಬದುಕು. "ಮನೇಲಿ ಕೂತು ಏನ್ಮಾಡ್ಲಿ?" ಅಂದಾಗ ರೆಫರಿ ಅವರನ್ನು ಲೈನಿಗೆ ಕಳಿಸಿದರು.

ಅವತ್ತು ಆಡುತ್ತಿದ್ದ ಒಂದು ತಂಡಕ್ಕೆ ಅವರ ಭಾವಮೈದುನನೇ ಕೋಚ್. ಸತ್ತವಳ ಒಬ್ಬನೇ ತಮ್ಮ. ಮೊದಲರ್ಧ ಮುಗಿಯುವ ಹೊತ್ತಿಗೆ ಅವನ ಹುಡುಗನೊಬ್ಬ ಬಲವಾಗಿ ಒದ್ದ. ಎದುರಾಳಿ ಕೀಪರ್ ಹಾರಿ ತಡೆದ. ಸಿಡಿದ ಚೆಂಡು ಒದ್ದವನ ತಂಡದ್ದೇ ಉದ್ದನೆಯ ಫಾರ್ವರ್ಡ್ ಕಾಲಿಗೆ ಬಿತ್ತು, ಅವನು ಬಲೆಗೆ ತಳ್ಳಿದ. ಅಷ್ಟರಲ್ಲಿ ಆಫ್‌ಸೈಡ್ ಎಂದು ಮೇಷ್ಟ್ರ ಬಾವುಟ ಮೇಲಿತ್ತು. ಗೋಲು ರದ್ದಾಯಿತು, ಆಟ ಮುಂದುವರಿಯಿತು.

ವಿರಾಮದಲ್ಲಿ ಕೋಚ್ ಉರಿದುಬಿದ್ದು ಬಂದ. "ಏನ್ ಭಾವ ಇದು? ಚೆಂಡು ಬಂದಿದ್ದು ಅವರ ಕೀಪರ್ ಕೈಯಿಂದ. ಆಫ್‌ಸೈಡ್ ಎಲ್ಲಿಂದ ಬಂತು?"

"ಅವನು ತಡೆದಿದ್ದು, ಕೊಟ್ಟಿದ್ದಲ್ಲ. ತಡೆದು ಸಿಡಿದಿದ್ದು ಲೆಕ್ಕಕ್ಕಿಲ್ಲ. ಕಂಬಕ್ಕೆ ಬಡಿದು ಬಂದ್ರೂ ಅಷ್ಟೇ. ನಿಮ್ಮವನು ಒದ್ದ ಗಳಿಗೇಲಿ ಉದ್ದನೆಯವನು ಅವರ ಡಿಫೆಂಡರ್‌ಗಳನ್ನ ದಾಟಿ ಗೋಲಿನ ಹತ್ತಿರ ನಿಂತಿದ್ನಾ ಅನ್ನೋದಷ್ಟೇ ಮುಖ್ಯ."

"ಹಾಗಾದ್ರೆ ಹೋದ ತಿಂಗಳು ಡಿಫೆಂಡರ್ ಕಾಲಿಂದ ಬಂದ ಚೆಂಡಿಗೆ ಗೋಲು ಕೊಟ್ರಲ್ಲ?"

"ಅವನು ಆರಾಮಾಗಿ ತನ್ನವನಿಗೆ ಪಾಸ್ ಕೊಡೋಕೆ ಹೋಗಿ ಎಡವಟ್ಟು ಮಾಡ್ಕೊಂಡ. ಅದು ಬೇರೆ, ಇದು ಬೇರೆ."

ತಮ್ಮದೇ ದನಿ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸುತ್ತಿತ್ತು ಮೇಷ್ಟ್ರಿಗೆ.

"ಸರಿ, ಒಪ್ಪಿದೆ. ಒದ್ದಾಗ ಅವನು ಎಲ್ಲಿದ್ದ? ಅದನ್ನಾದ್ರೂ ಹೇಳಿ."

ಮೇಷ್ಟ್ರು ನೆನಪಿಸಿಕೊಳ್ಳಲು ನೋಡಿದರು. ಕೀಪರ್ ಹಾರಿದ್ದು ನೆನಪಿದೆ, ಅದರ ಹಿಂದಿನದೆಲ್ಲ ಖಾಲಿ. ಆಗ ಅವರು ನೋಡುತ್ತಿದ್ದದ್ದು ಗೆರೆಯಾಚೆ ಯಾರೋ ಬಿಟ್ಟುಹೋದ ಪ್ಲಾಸ್ಟಿಕ್ ಕುರ್ಚಿಯನ್ನು. ಯಾಕೆ ನೋಡಿದರೋ ಅವರಿಗೇ ತಿಳಿಯದು.

"ನೋಡ್ಲಿಲ್ಲ ಕಣೋ. ಕೈ ತಾನಾಗೇ ಎದ್ಬಿಡ್ತು."

ಮೇಷ್ಟ್ರು ತಾವೇ ರೆಫರಿ ಹತ್ತಿರ ಹೋಗಿ ಅದನ್ನೇ ಹೇಳಿದರು.

"ಆಟ ಮುಂದೆ ಹೋಗಿಯಾಯ್ತು, ಇನ್ನು ಗೋಲು ವಾಪಸ್ ಬರಲ್ಲ," ಅಂದರು ರೆಫರಿ. "ವರದಿಯಲ್ಲಿ ಬರೀಲೇಬೇಕು. ಬಾವುಟ ಕೊಡಿ, ನೀವು ಕೂತ್ಕೊಳ್ಳಿ."

ಕೊಟ್ಟರು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ಉಳಿದರ್ಧ ಇನ್ನೊಬ್ಬರು ಲೈನಿನಲ್ಲಿ ಓಡಿದರು. ಭಾವಮೈದುನನ ತಂಡ ಒಂದು ಗೋಲಿನಿಂದ ಸೋತಿತು. ಹುಡುಗರು ಮೇಷ್ಟ್ರನ್ನು ದುರುಗುಟ್ಟಿ ನೋಡುತ್ತ ನಿಂತಾಗ ಕೋಚ್ ಅವರನ್ನು ಗದರಿ ಕಳಿಸಿ, ಮೆಟ್ಟಿಲ ಮೇಲೆ ಭಾವನ ಪಕ್ಕ ಕೂತ.

"ಅಕ್ಕ ಹೋದ ದಿನ ನೀವು ಅಳ್ಲಿಲ್ಲ ಅಂತ ನಂಗೆ ಸಿಟ್ಟಿತ್ತು, ಭಾವ."

"ಇನ್ನೂ ಅತ್ತಿಲ್ಲ. ಬರ್ತಾನೇ ಇಲ್ಲ."

"ಊಟ ಮಾಡಿದ್ರಾ?"

"ನೆನಪಿಲ್ಲ."

ಕೋಚ್ ಎದ್ದು ಅವರ ಚೀಲ ಹೆಗಲಿಗೆ ಹಾಕಿಕೊಂಡ. "ನಡೀರಿ ಮನೆಗೆ."

ಅವನ ಹೆಂಡತಿ ಬಡಿಸಿದ್ದನ್ನೆಲ್ಲ ಮೇಷ್ಟ್ರು ಉಂಡರು. ಕೈ ತೊಳೆದು ಬಂದು ಬೆಂಚಿನ ಮೇಲೆ ಕೂತವರು ಕೂತಲ್ಲೇ ನಿದ್ದೆಹೋದರು. ಭಾವಮೈದುನ ಬಗ್ಗಿ ಅವರ ಕೆಸರು ಮೆತ್ತಿದ ಕಾಲುಚೀಲ ಎಳೆದು ತೆಗೆದ. ಅವರಿಗೆ ಎಚ್ಚರವಾಗಲಿಲ್ಲ.