ನಾಲ್ಕನೆಯ ಚಕ್ರದ ಅರಿಶಿನ

ಬರೀ ತಲೆಯಾಡಿಸಿದರೂ ಅದು ಸುಳ್ಳು ಹೇಳಿದಂತೆಯೇ? ಇಪ್ಪತ್ತು ದಿನಗಳಿಂದ ಚಂದನ ಡೈರಿಯಲ್ಲಿ ಬರೆದದ್ದು ಈ ಒಂದೇ ಸಾಲು. ಇವತ್ತೂ ಅದರ ಕೆಳಗೆ ಪೆನ್ನು ಊರಿಕೊಂಡು ಕೂತಿದ್ದಾಗ ಅಂಗಳದಿಂದ ಅಪ್ಪ ಕೂಗಿದ.

"ಅಮ್ಮಣ್ಣೀ, ಇದ್ರಲ್ಲಿ ನಂಬರ್ ಎಷ್ಟಿದೆ ನೋಡು ಬಾ."

ಅಶ್ವತ್ಥಪ್ಪ ಹುಣಸೆಮರದ ಬುಡದಲ್ಲಿ ಕೂತು ಟಾರ್ಕ್ ರೆಂಚನ್ನು ಬಿಸಿಲಿಗೆ ಹಿಡಿದಿದ್ದ. ಹಿಡಿ ತಿರುಗಿಸಿ ನಂಬರು ಇಟ್ಟುಕೊಂಡರೆ, ನಟ್ಟು ಅಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತದೆ. ನರಸಾಪುರದ ಕಂಪನಿಯಲ್ಲಿ ಚಂದನ ಪಾಳಿಯಿಡೀ ಹಿಡಿಯುವುದೂ ಇಂಥದ್ದನ್ನೇ. ಬಿ.ಎಸ್ಸಿ. ಮುಗಿಸಿ ಅವಳು ಅಲ್ಲಿಗೆ ಸೇರಿದ ಮೇಲೆ ಅಪ್ಪ ಆಸೆಪಟ್ಟು ಮನೆಗೂ ಒಂದು ತಂದಿದ್ದ. ಕಾರಿನ ರಿಪೇರಿಯೆಲ್ಲ ಅಪ್ಪ ಮಗಳದೇ.

"ನೂರು, ಅಪ್ಪಾ."

"ನನ್ ಕಣ್ಣಿಗೆ ಅರವತ್ತೂ ನೂರೂ ಒಂದೇ ಥರ ಕಾಣ್ತದೆ. ಅವತ್ತು ಎಷ್ಟಕ್ಕೆ ಇಟ್ಟಿದ್ನೋ ಏನೋ."

ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದ ಅಮ್ಮ ಆದಿಲಕ್ಷ್ಮಿ ತಲೆಯೆತ್ತಲಿಲ್ಲ. "ಗ್ಯಾರೇಜಿಗೆ ಬಿಡ್ರೀ ಅಂತ ಬಡ್ಕೊಂಡೆ. ನಾನೇ ಮೆಕ್ಯಾನಿಕ್ಕು, ಮಗಳು ಇಂಜಿನಿಯರ್ರು ಅಂತ ಮೆರೆದ್ರಿ. ಆಡ್ಕೊಂಡು ಕೂತಿರಿ ಈಗ ಅದ್ನೇ, ಗೊಂಬೆ ಥರ."

ಆಯುಧಪೂಜೆಯ ಬೆಳಿಗ್ಗೆ ಅಪ್ಪ ನಾಲ್ಕೂ ಚಕ್ರ ಬಿಚ್ಚಿ ಹಿಂದುಮುಂದು ಬದಲಾಯಿಸಿದ್ದ. ಅವನು ಕೈಯಲ್ಲಿ ಕೂರಿಸಿದ ನಟ್ಟುಗಳನ್ನು, ಅವನೇ ನಂಬರಿಟ್ಟು ಕೊಟ್ಟ ರೆಂಚು ಹಾಕಿ ಬಿಗಿಯುವುದು ಚಂದನಳ ಪಾಲು. ಕಂಪನಿಯಲ್ಲಾದರೆ ಟಕ್ ಎಂದ ನಟ್ಟಿಗೆ ಹಳದಿ ಪೆನ್ನಿನಿಂದ ಗುರುತು ಹಾಕಬೇಕು. ಗುರುತಿದ್ದದ್ದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಮನೆಯಲ್ಲಿ ಆ ಪೆನ್ನೆಲ್ಲಿ? ಪೂಜೆಗೆ ಕಲಸಿಟ್ಟ ಅರಿಶಿನದಿಂದಲೇ ಗುರುತಿಟ್ಟಳು.

"ಲೇ, ಕಾರಿಗೆ ಅರಿಶಿನ ಶಾಸ್ತ್ರನೇನೇ? ಗಂಡು ಯಾರು, ಪಕ್ಕದ್ಮನೆ ಟ್ರ್ಯಾಕ್ಟರ್ರಾ?" ಎಂದು ಅಣ್ಣ ಚಂದ್ರಮೋಹನ್ ನಕ್ಕಿದ್ದ.

ಮೂರು ಚಕ್ರ ಮುಗಿದಾಗ ಸೂಪರ್‌ವೈಸರ್‌ನ ಫೋನು ಬಂತು. ಮಾತಾಡಿ ಬಂದರೆ ನಾಲ್ಕರಲ್ಲೂ ಹಳದಿ. ಮುಗಿಸಿಯೇ ಹೋಗಿದ್ದೆನಲ್ಲ ಎಂದುಕೊಂಡಳು. ಬಗ್ಗಿ ನೋಡಲಿಲ್ಲ.

ಮೂರನೆಯ ದಿನ ದೇವರಾಯಸಮುದ್ರದ ಕೆರೆಯ ಹತ್ತಿರ ಮುಂದಿನ ಬಲಚಕ್ರ ಕಳಚಿ ಕಾರು ಮರಕ್ಕೆ ಬಡಿಯಿತು. ಓಡಿಸುತ್ತಿದ್ದ ಚಂದ್ರಮೋಹನ್ ಅಲ್ಲೇ ಹೋಗಿಬಿಟ್ಟ.

ಸ್ಟೇಷನ್ನಿನ ಮುಂದೆ ತಂದು ನಿಲ್ಲಿಸಿದ ಕಾರಿನ ಪಕ್ಕ ಬಿದ್ದಿದ್ದ ಆ ಚಕ್ರದ ತೂತಿನಲ್ಲಿ, ತುಂಡಾದ ಬೋಲ್ಟಿನ ಜೊತೆ ಒಂದೇ ಒಂದು ನಟ್ಟು ಸಿಕ್ಕಿಕೊಂಡು ಉಳಿದಿತ್ತು. ಅದರ ಮೇಲೆ ಅರಿಶಿನ, ಅರಿಶಿನದ ನಡುವೆ ಸಾಸಿವೆಯಷ್ಟು ಕುಂಕುಮ. ಚಂದನ ಅವತ್ತು ಕುಂಕುಮ ಮುಟ್ಟಿರಲೇ ಇಲ್ಲ. ಮೂರು ಚಕ್ರಕ್ಕೆ ಹಚ್ಚಿ ನಾಲ್ಕನೆಯದನ್ನು ಬೋಳಾಗಿ ಬಿಡಬಾರದೆಂದು ಅಮ್ಮ ಇಟ್ಟದ್ದು ಎಂದು ಆಗ ಅವಳಿಗೆ ಹೊಳೆಯಿತು.

"ನೀನು ಎಲ್ಲಾನೂ ಟಕ್ ಅನ್ಸಿದ್ದೆ ತಾನೆ?" ಅಲ್ಲೇ ನಿಂತು ಅಪ್ಪ ಕೇಳಿದ್ದ. ಅವಳು ತಲೆಯಾಡಿಸಿದ್ದಳು.

ಈಗ ಅಶ್ವತ್ಥಪ್ಪ ರೆಂಚನ್ನು ಟವೆಲಿನಲ್ಲಿ ಸುತ್ತಿ ಎದ್ದ. "ನೀನು ಟಕ್ ಅನ್ಸಿದೀಯ ಅಂದ್ಮೇಲೆ ನಾನು ಇಟ್ಟ ನಂಬರೇ ತಪ್ಪು. ಸ್ಟೇಷನ್ನಿಗೆ ಹೋಗಿ ಬರ್ಕೊಟ್ಟು ಬರ್ತೀನಿ. ನನ್ ಮಗನ್ನ ನಾನೇ ಕೊಂದೆ ಅಂತ."

"ಹೋಗಿ. ಅದೊಂದು ಬಾಕಿ ಇತ್ತು," ಎಂದಳು ಅಮ್ಮ.

ಅವನು ಚಪ್ಪಲಿಗಾಗಿ ಕಾಲಿನಲ್ಲಿ ತಡಕಾಡಿದ. ಒಂದು ಸಿಕ್ಕಿತು; ಇನ್ನೊಂದು ಪಕ್ಕದಲ್ಲೇ ಇದ್ದರೂ ಕಾಣಲಿಲ್ಲ. ಚಂದನ ಬಗ್ಗಿ ಅದನ್ನು ಅವನ ಕಾಲ ಹತ್ತಿರ ಸರಿಸಿದಳು. ಬಗ್ಗಿದಲ್ಲಿಂದಲೇ ಜಗಲಿಯತ್ತ ನೋಡಿದಳು. ಅಮ್ಮನ ಬೆರಳುಗಳು ಮೊರದಲ್ಲಿ ಒಂದೊಂದೇ ಕಲ್ಲು ಹೆಕ್ಕುತ್ತಿದ್ದವು. ಅಡುಗೆಯ ಅರಿಶಿನ ಉಗುರಿನಂಚಿಗೆ ಹಾಗೆಯೇ ಅಂಟಿಕೊಂಡಿತ್ತು. ಕುಂಕುಮದ ಮಾತನ್ನು ಅವಳು ಎತ್ತಲಿಲ್ಲ. ಚಪ್ಪಲಿಯನ್ನು ಬಿಡದೆ ಹಿಡಿದುಕೊಂಡೇ ಹೇಳಿದಳು:

"ಅಪ್ಪಾ, ಆ ಚಕ್ರಕ್ಕೆ ನಾನು ರೆಂಚೇ ಹಾಕಿರ್ಲಿಲ್ಲ."